ಚುನಾವಣಾ ಬಾಂಡ್ ರದ್ದಾದ ಮೇಲೆ ಕಂಪನಿ ಮತ್ತು ಸರ್ಕಾರದ ನಂಟು ಸಡಿಲಗೊಂಡಿತೇ?

ಮಲೆನಾಡಿಗ (ಪ್ರಶ್ನೆ):
2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ದಾನಿಯ ಹೆಸರು ಹೊರಬಾರದಂತೆ ಬ್ಯಾಂಕಿನಿಂದ ಬಾಂಡ್ ಕೊಂಡು ಪಕ್ಷಕ್ಕೆ ಕೊಡುವ ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಪಡಿಸಿತು. ಕಂಪನಿಗಳು ಪಕ್ಷಗಳಿಗೆ ಹಣ ಕೊಡುವುದು ಅದಕ್ಕೂ ಮೊದಲೇ ಇದ್ದ ರೂಢಿಯಾದ್ದರಿಂದ, ಈ ಯೋಜನೆ ಹೊಸದಾಗಿ ಕೆಡಿಸಿದ್ದೇನು, ರದ್ದತಿಯಿಂದ ಸರಿಹೋದದ್ದೆಷ್ಟು ಎಂಬುದನ್ನು ಬಲ್ಲವರು ವಿವರಿಸಬೇಕಾಗಿ ವಿನಂತಿ.

ಲೆಕ್ಕಿಗ:
ಕಂಪನಿ ದೇಣಿಗೆಯನ್ನು 1969ರಲ್ಲಿ ಪೂರ್ತಿಯಾಗಿ ನಿಷೇಧಿಸಿ, 1985ರಲ್ಲಿ ಮಿತಿ ಹಾಕಿ ಮತ್ತೆ ಅನುಮತಿಸಲಾಯಿತು. 2013ರ ಕಂಪನಿ ಕಾಯ್ದೆಯ 182ನೇ ಕಲಮಿನ ಪ್ರಕಾರ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಯಾವ ಪಕ್ಷಕ್ಕೆ ಎಷ್ಟು ಕೊಟ್ಟೆವೆಂದು ಲಾಭ-ನಷ್ಟದ ಪಟ್ಟಿಯಲ್ಲಿ ತೋರಿಸಬೇಕಿತ್ತು. 2017ರ ಹಣಕಾಸು ಕಾಯ್ದೆ ಈ ಮಿತಿಯನ್ನೂ ಪಕ್ಷದ ಹೆಸರು ಹೇಳುವ ಹೊಣೆಯನ್ನೂ ತೆಗೆದುಹಾಕಿತು. ನಷ್ಟದಲ್ಲಿರುವ ಕಂಪನಿಯೂ, ಹೆಸರಿಗಷ್ಟೇ ಇರುವ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದಾಯಿತು. ಷೇರುದಾರನಿಗೂ ತನ್ನ ಹಣ ಎಲ್ಲಿಗೆ ಹೋಯಿತೆಂದು ತಿಳಿಯದಾಯಿತು. ಎಲ್ಲರ ಕಣ್ಣು ಬಾಂಡಿನ ಮೇಲಿತ್ತಾದರೂ ಹೆಚ್ಚು ಹಾನಿ ಮಾಡಿದ್ದು ಈ ತಿದ್ದುಪಡಿಯೆಂಬುದು ನನ್ನ ಅಭಿಪ್ರಾಯ. ನ್ಯಾಯಾಲಯ ಇದನ್ನೂ ರದ್ದುಪಡಿಸಿದ್ದು ಸಮಾಧಾನದ ಸಂಗತಿ.

ಬಯಲುಸೀಮೆ:
ಲೆಕ್ಕಿಗರ ಮಾತು ಸರಿ, ಆದರೆ ಗೋಪ್ಯತೆ ಏಕಪಕ್ಷೀಯವಾಗಿತ್ತೆಂಬುದನ್ನು ಸೇರಿಸಬೇಕು. ಬಾಂಡ್ ಮಾರುತ್ತಿದ್ದುದು ಸರ್ಕಾರಿ ಒಡೆತನದ ಸ್ಟೇಟ್ ಬ್ಯಾಂಕ್. ಪ್ರತಿ ಬಾಂಡಿನಲ್ಲೂ ನೇರಳಾತೀತ ಬೆಳಕಿನಲ್ಲಿ ಮಾತ್ರ ಕಾಣುವ ಸಂಖ್ಯೆಯಿತ್ತು. ಆಳುವವರಿಗೆ ದಾನಿ ಯಾರೆಂದು ತಿಳಿಯುವ ದಾರಿಯಿತ್ತು, ಮತದಾರನಿಗೆ ಇರಲಿಲ್ಲ.

ಆದರೂ ರದ್ದತಿಯ ನಂತರ ಬಹಿರಂಗವಾದ ಬಾಂಡ್ ಕೊಂಡವರ ಪಟ್ಟಿ ನೋಡಿದ ಕೂಡಲೇ ‘ಲಂಚ’ವೆಂದು ತೀರ್ಪು ಕೊಡುವುದು ಸುಲಭವಲ್ಲ. ಅತಿ ಹೆಚ್ಚು, ಅಂದರೆ 1,368 ಕೋಟಿ ರೂಪಾಯಿಯ ಬಾಂಡ್ ಕೊಂಡದ್ದು ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿ. ಅದರ ಮೇಲೆ ಜಾರಿ ನಿರ್ದೇಶನಾಲಯದ ತನಿಖೆ ಇತ್ತು. ಆದರೆ ಅದರ ಹಣದ ದೊಡ್ಡ ಪಾಲು ಸೇರಿದ್ದು ತೃಣಮೂಲ ಕಾಂಗ್ರೆಸ್ಸಿಗೆ ಮತ್ತು ಡಿಎಂಕೆಗೆ. ಪಶ್ಚಿಮ ಬಂಗಾಳದಲ್ಲಿ ಲಾಟರಿ ಮಾರಾಟವಿದೆ, ತಮಿಳುನಾಡಿನಲ್ಲಿ ನಿಷೇಧವಿದೆ. ಕೊಟ್ಟದ್ದು ಉಪಕಾರಕ್ಕೋ, ಭಯಕ್ಕೋ, ಮುಂದಿನ ಭರವಸೆಗೋ ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ವಿಶೇಷ ತನಿಖಾ ತಂಡ ಬೇಕೆಂಬ ಕೋರಿಕೆಯನ್ನು 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಮಲೆನಾಡಿಗ:
ಹಾಗಾದರೆ ಈಗ ಹಣ ಹರಿಯುವ ದಾರಿ ಯಾವುದು?

ಲೆಕ್ಕಿಗ:
ನೇರ ದೇಣಿಗೆ ಇದ್ದೇ ಇದೆ. ಅದರ ಜೊತೆಗೆ 2013ರಿಂದ ಇರುವ, ಕಂಪನಿಗಳಿಂದ ಹಣ ಪಡೆದು ಪಕ್ಷಗಳಿಗೆ ಹಂಚುವ ಚುನಾವಣಾ ಟ್ರಸ್ಟುಗಳು. ಇವು ಯಾರಿಂದ ಪಡೆದೆವು, ಯಾರಿಗೆ ಕೊಟ್ಟೆವು ಎಂದು ಚುನಾವಣಾ ಆಯೋಗಕ್ಕೆ ವರದಿ ಕೊಡುತ್ತವೆ. ಆದರೆ ಹಲವು ಕಂಪನಿಗಳ ಹಣ ಒಂದೇ ಟ್ರಸ್ಟಿನಲ್ಲಿ ಸೇರುವುದರಿಂದ, ಯಾವ ಕಂಪನಿಯ ರೂಪಾಯಿ ಯಾವ ಪಕ್ಷಕ್ಕೆ ಹೋಯಿತೆಂದು ಹೇಳಲಾಗುವುದಿಲ್ಲ.

ಗಣಿನಾಡು:
ನಾನು ಬಳ್ಳಾರಿ ಕಡೆಯವನು, ಆದ್ದರಿಂದ ಬೇರೊಂದು ಮಾತು. ನಮ್ಮಲ್ಲಿ ನಂಟು ಬೆಳೆದದ್ದು ದೇಣಿಗೆಯಿಂದಲ್ಲ, ಪರ್ಮಿಟ್ಟಿನಿಂದ. 2011ರ ಜುಲೈನ ಲೋಕಾಯುಕ್ತ ವರದಿ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿಯೆಂದು ಅಂದಾಜಿಸಿತು. ಗಣಿ ವ್ಯವಹಾರದವರೇ ಮಂತ್ರಿಗಳಾಗಿದ್ದ ಕಾಲವದು. ಅರ್ಜಿ ಹಾಕುವವನೂ ಸಹಿ ಹಾಕುವವನೂ ಒಂದೇ ಮನೆಯವರಾದಾಗ ದೇಣಿಗೆಯ ರಸೀದಿ ಹುಡುಕಿ ಏನು ಸಿಗುತ್ತದೆ? ದೇಣಿಗೆ ಪಾರದರ್ಶಕವಾಗಲಿ, ಬೇಡವೆನ್ನುವುದಿಲ್ಲ. ಆದರೆ ಗುತ್ತಿಗೆ, ಪರವಾನಗಿ, ಭೂಮಿ ಹಂಚಿಕೆಯ ಕಡತಗಳನ್ನು ದೇಣಿಗೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡುವಂತಾಗದಿದ್ದರೆ ಅರ್ಧ ಕತೆ ಮಾತ್ರ ತಿಳಿಯುತ್ತದೆ. ಸುಪ್ರೀಂ ಕೋರ್ಟ್ 2011ರಲ್ಲಿ ಅದಿರನ್ನು ಇ-ಹರಾಜಿನಲ್ಲೇ ಮಾರಬೇಕೆಂದದ್ದರಿಂದ ಇಲ್ಲಿ ಯಾರು, ಎಷ್ಟಕ್ಕೆ ಕೊಂಡರೆಂಬುದಾದರೂ ದಾಖಲೆಗೆ ಬಂತು. 2022ರ ಮೇ ತಿಂಗಳಲ್ಲಿ ಆ ಕಡ್ಡಾಯವೂ ಹೋಯಿತು.