ತುರ್ತು: ‘ಆಸ್ಟೆರಿಟಿ’ಗೆ ಬ್ಯಾನರಿನಲ್ಲಿ ಏನು ಬರೆಯಲಿ?

ಹಂಪನಕಟ್ಟೆ, ರಾತ್ರಿ 8.50

ಬಲ್ಲವರಲ್ಲಿ ಒಂದು ಅವಸರದ ಪ್ರಶ್ನೆ. ಶನಿವಾರ ನಮ್ಮ ಸಣ್ಣ ಓದುಗರ ಕೂಟದಲ್ಲಿ ಸರಕಾರಗಳ ಆಸ್ಟೆರಿಟಿ (ಸಾಲ, ಕೊರತೆ ತಗ್ಗಿಸಲು ಖರ್ಚು ಕಡಿಯುವುದು) ಬಗ್ಗೆ ಪರ-ವಿರೋಧ ಮಾತುಕತೆ ಇದೆ. 2010ರ ನಂತರದ ಬ್ರಿಟನ್, ಗ್ರೀಸ್‌ನಿಂದ ಹಿಡಿದು ನಮ್ಮ ರಾಜ್ಯದ ಬಜೆಟ್ಟಿನವರೆಗೆ. ನಾಳೆ ಬೆಳಿಗ್ಗೆ ಹನ್ನೊಂದರೊಳಗೆ ಫ್ಲೆಕ್ಸ್ ಅಂಗಡಿಗೆ ಫೈಲ್ ಹೋಗಬೇಕು, ತಪ್ಪಿದರೆ ಸೋಮವಾರವೇ ಅಂತೆ. ‘ಮಿತವ್ಯಯ: ಬೇಕೇ, ಬೇಡವೇ?’ ಎಂದು ಬರೆದು ಮನೆಯಲ್ಲಿ ತೋರಿಸಿದೆ. ‘ಎಂತ, ಕರೆಂಟ್ ಉಳಿಸುವ ಕಾರ್ಯಕ್ರಮವಾ?’ ಎಂದು ಕೇಳಿದರು. ಅಲ್ಲಿಂದ ಕೈ ಓಡುತ್ತಿಲ್ಲ.

ಬ್ಯಾನರಿಗೆ ಒಮ್ಮೆ ಸಾಕು. ಆದರೆ ಕರಪತ್ರದಲ್ಲಿ ಅದೇ ಪದ ಹದಿನಾಲ್ಕು ಸಲ ಬರುತ್ತದೆ, ವಿಶೇಷಣವಾಗಿಯೂ ಬರುತ್ತದೆ. ಪ್ರತ್ಯಯ ಹಚ್ಚಿದರೆ ಮುರಿಯದಂಥದ್ದು ಕೊಡಿ.

ಮಣಿಪಾಲ, 9.05

ಮಿತವ್ಯಯ. ಸರಕಾರಿ ಸುತ್ತೋಲೆಗಳಲ್ಲಿ ಇರುವುದು ಅದೇ. ವಿಶೇಷಣ ಬೇಕಿದ್ದರೆ ‘ಮಿತವ್ಯಯದ’. ಮುಗಿಯಿತು.

ಕಾರ್ಕಳ, 9.20

ಎಲ್ಲಿ ಮುಗಿಯಿತು? ಮಿತ ಸಂಸ್ಕೃತ, ವ್ಯಯ ಸಂಸ್ಕೃತ, ನಡುವೆ ಕನ್ನಡಕ್ಕೆ ಕಾಲೂರಲು ಜಾಗ ಎಲ್ಲಿದೆ? ವ್ಯಯವನ್ನು ನಮ್ಮ ಹಿರಿಯರು ಬೀಯ ಮಾಡಿದರು, ವೆಚ್ಚ ಮಾಡಿದರು. ಅವರು ಜಗಿದು ಅರಗಿಸಿಕೊಂಡದ್ದನ್ನು ನಾವು ಇಡಿಯಾಗಿ ಮತ್ತೆ ತಟ್ಟೆಗೆ ಹಾಕಿಕೊಳ್ಳುತ್ತಿದ್ದೇವೆ. ‘ಕೈಬಿಗಿತ’ ಎನ್ನಿ. ಮೂರನೇ ಕ್ಲಾಸಿನ ಮಗುವಿಗೂ ತಿಳಿಯುತ್ತದೆ.

ಮಣಿಪಾಲ, 9.26

ಮೂರನೇ ಕ್ಲಾಸಿನ ಮಗುವಿಗೆ ಕೈಬಿಗಿ ಎಂದರೆ ಜುಗ್ಗ ಎಂದು ತಿಳಿಯುತ್ತದೆ. ಅದೂ ಅಲ್ಲದೆ ಈ ರಾಜ್ಯದಲ್ಲಿ ‘ಕೈ’ ಎಂದು ಶುರುವಾಗುವ ಬ್ಯಾನರ್ ಕಟ್ಟಿ ನೋಡಿ. ಒಂದು ಗುಂಪು ಹಾರ ಹಾಕಲು ಬರುತ್ತದೆ, ಇನ್ನೊಂದು ಹರಿಯಲು ಬರುತ್ತದೆ. ಓದಲು ಯಾರೂ ಬರುವುದಿಲ್ಲ.

ಸುರತ್ಕಲ್, 9.31

‘ಸೊಂಟಪಟ್ಟಿ ಬಿಗಿತ’ ಆಗದೇ? ಇಂಗ್ಲಿಷಿನವರು ಬೆಲ್ಟ್ ಬಿಗಿ ಮಾಡಿಕೊಳ್ಳುತ್ತಾರಲ್ಲ.

ಕುಂಜಿಬೆಟ್ಟು, 9.58

ಆಗದು. ಕನ್ನಡದಲ್ಲಿ ಸೊಂಟ ಕಟ್ಟುವುದು, ಟೊಂಕ ಕಟ್ಟುವುದು, ಕಚ್ಚೆ ಬಿಗಿಯುವುದು ಎಲ್ಲವೂ ಕೆಲಸಕ್ಕೆ ಇಳಿಯುವುದಕ್ಕೆ. ‘ಸರಕಾರ ಸೊಂಟ ಕಟ್ಟಿದೆ’ ಎಂದರೆ ಘಾಟಿ ರಸ್ತೆ ಈ ಮಳೆಗಾಲಕ್ಕೆ ಮೊದಲು ಮುಗಿಯುತ್ತದೆ ಎಂದು ಜನ ನಂಬಿಬಿಟ್ಟಾರು.

ಇನ್ನು ಮೂಲಕ್ಕೆ ಬನ್ನಿ. ಈ ಪದದ ತವರು ಗ್ರೀಕಿನ ‘ಔಸ್ತೆರೋಸ್’. ಲ್ಯಾಟಿನ್, ಫ್ರೆಂಚ್ ಹಾದು ಇಂಗ್ಲಿಷಿಗೆ ಬಂದದ್ದು. ಗ್ರೀಕಿನಲ್ಲಿ ಅದು ಮೊದಲು ನಾಲಿಗೆಯ ಸಂಗತಿ, ನೀತಿಯದಲ್ಲ: ನಾಲಿಗೆಯನ್ನು ಒಣಗಿಸಿ ಒರಟು ಮಾಡುವ ರುಚಿ. ಅಂದರೆ ಒಗರು! ನಮ್ಮ ಕಡೆಯ ಚೊಗರು. ಗೇರುಹಣ್ಣು ಕಚ್ಚಿ ಗಂಟಲು ಹಿಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ‘ಒಗರು ಬಜೆಟ್’, ‘ಒಗರುನೀತಿ’, ‘ಒಗರಿನ ವರ್ಷಗಳು’. ಏಳೂ ವಿಭಕ್ತಿಯಲ್ಲಿ ಹಾಯಾಗಿ ಕೂರುತ್ತದೆ. ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ, ಮೂಲದ ರುಚಿ ಹತ್ತದೆ ಅನುವಾದಕ್ಕೆ ಕೈ ಹಾಕಬೇಡಿ ಎಂದು.

ಕೊಡಿಯಾಲಬೈಲು, 10.40

ಮೇಷ್ಟ್ರೇ, ಪಿಂಚಣಿಗೆ ಕತ್ತರಿ ಬಿದ್ದಾಗ ಬೀದಿಗಿಳಿದ ಗ್ರೀಕರು ಔಸ್ತೆರೋಸ್ ಎನ್ನಲಿಲ್ಲ. ಅವರು ಅದಕ್ಕೆ ಹೇಳುವುದು ‘ಲಿತೋತಿತಾ’, ಅಂದರೆ ಸಾದಾತನ, ಸರಳತೆ. ಔಸ್ತೆರೋಸ್‌ನ ಇಂದಿನ ರೂಪಕ್ಕೆ ಅಲ್ಲಿ ‘ಕಟ್ಟುನಿಟ್ಟು’ ಎಂದು ಅರ್ಥ. ತವರಿನವರೇ ಕೈಬಿಟ್ಟ ಹೆಣ್ಣನ್ನು ಉಡುಪಿಯ ಗೇರುಮರಕ್ಕೆ ಕಟ್ಟಬೇಡಿ.

ನನಗೆ ತೊಡಕು ಕಾಣುವುದು ಕರ್ತೃವಿನಲ್ಲಿ. ಮಿತವ್ಯಯ ಮಾಡುವವನೂ ಅದನ್ನು ಉಣ್ಣುವವನೂ ಒಬ್ಬನೇ. ನಾನು ಮಿತವ್ಯಯಿ ಎಂದರೆ ಎರಡನೇ ಕಾಫಿ ಬಿಟ್ಟವನು ನಾನೇ, ಮೆಚ್ಚುಗೆಯೂ ನನಗೇ. ಆಸ್ಟೆರಿಟಿಯಲ್ಲಿ ಕತ್ತರಿ ಒಬ್ಬರ ಕೈಯಲ್ಲಿ, ಬಟ್ಟೆ ಇನ್ನೊಬ್ಬರದು. ‘ಸರಕಾರದ ಮಿತವ್ಯಯ’ ಎಂದು ಬರೆದ ಕೂಡಲೇ ಮಂತ್ರಿಗಳು ವಿಮಾನದಲ್ಲಿ ಅಗ್ಗದ ಸೀಟು ಹಿಡಿದ ಚಿತ್ರ ಬರುತ್ತದೆ. 2009ರಲ್ಲಿ ದೆಹಲಿಯಲ್ಲಿ ನಡೆದದ್ದು ಅಂಥದ್ದೇ, ಅಗ್ಗದ ಸೀಟನ್ನು ಮಂತ್ರಿಯೊಬ್ಬರು ‘ಜಾನುವಾರು ದರ್ಜೆ’ ಎಂದ ಗಲಾಟೆ ನೆನಪಿರಬಹುದು. ಅದಕ್ಕೆ ಮಿತವ್ಯಯ ಸರಿ. ಆಸ್ಪತ್ರೆಯ ದಾದಿಯರ ಹುದ್ದೆ ಖಾಲಿ ಬಿಡುವುದಕ್ಕೂ ಅದೇ ಪದವೇ?

ಇಂಗ್ಲಿಷಿನಲ್ಲೂ ಇದು ಒಂದೇ ಪದವಲ್ಲ ಎನ್ನಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಬ್ರಿಟನ್ನಿನಲ್ಲಿ ಆಸ್ಟೆರಿಟಿ ಎಂದರೆ ರೇಷನ್ ಕಾಲ. ಯುದ್ಧ ನಡೆಯುವಾಗಲೂ ಇಲ್ಲದಿದ್ದ ಬ್ರೆಡ್ ರೇಷನ್ 1946ರಲ್ಲಿ ಬಂತು, 1948ರವರೆಗೆ ಇತ್ತು. ಆದರೆ ಅದೇ 1948ರಲ್ಲಿ ಅದೇ ಸರಕಾರ ಎಲ್ಲರಿಗೂ ಉಚಿತ ಆರೋಗ್ಯ ಸೇವೆ ತೆರೆಯಿತು. ಮನೆಯ ತಟ್ಟೆ ಸಣ್ಣದಾಯಿತು, ಸರಕಾರದ ಪಾತ್ರೆ ದೊಡ್ಡದಾಯಿತು. 2010ರಲ್ಲಿ ಅಲ್ಲಿನ ಹಣಕಾಸು ಮಂತ್ರಿ ಆಸ್ಬೋರ್ನ್ ಬಜೆಟ್ ಮಂಡಿಸುವ ಹೊತ್ತಿಗೆ ಪದ ತಲೆಕೆಳಗಾಗಿತ್ತು. ಈಗ ಸಣ್ಣದಾದದ್ದು ಸರಕಾರದ ಪಾತ್ರೆ: ಸ್ಥಳೀಯ ಸಂಸ್ಥೆಗಳ ಅನುದಾನ, ಸಹಾಯಧನ, ಊರೂರಿನ ಲೈಬ್ರರಿ. ವ್ಯಾಟ್ ಮಾತ್ರ ಶೇ. 17.5ರಿಂದ 20ಕ್ಕೆ ಏರಿತು. ಆದರೂ ಹಳೆಯ ಪದವನ್ನೇ ಹೊದ್ದುಕೊಂಡದ್ದರಿಂದ, ಎಲ್ಲರೂ ಸಾಲಿನಲ್ಲಿ ನಿಂತು ಹಂಚಿಕೊಂಡ ಕಷ್ಟ ಎಂಬ ಹಳೆಯ ಮರ್ಯಾದೆ ಪುಕ್ಕಟೆಯಾಗಿ ಸಿಕ್ಕಿತು. ಅದೇ ವರ್ಷ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ಇದನ್ನು ವರ್ಷದ ಪದ ಎಂದರು, ಅಷ್ಟು ಜನ ಅರ್ಥ ಹುಡುಕಿದ್ದರು. ಇಂಗ್ಲಿಷ್ ಆಡುವವರೇ ನಿಘಂಟು ತೆರೆದಿದ್ದಾರೆ, ನಾವು ಒಂದು ರಾತ್ರಿ ಒದ್ದಾಡಿದರೆ ತಪ್ಪಿಲ್ಲ.

ನನ್ನ ಮಟ್ಟಿಗೆ ಎರಡು ಪದ ಬೇಕು. ಹಂಚಿಕೊಂಡು ಬಿಡುವುದಕ್ಕೆ ‘ಒಪ್ಪೊತ್ತು’. 1965ರಲ್ಲಿ ಪ್ರಧಾನಿ ಶಾಸ್ತ್ರಿಗಳು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ದೇಶಕ್ಕೆ ಹೇಳಿದರಲ್ಲ, ಅದು. ಸರಕಾರ ಜನರ ಪಾಲಿನದನ್ನು ಕಡಿಯುವುದಕ್ಕೆ ‘ವೆಚ್ಚಕಡಿತ’. ನಿಮ್ಮ ಬ್ಯಾನರಿಗೆ ಎರಡನೆಯದು.

ಕುಂದಾಪುರ, 10.52

ಶಾಸ್ತ್ರಿಗಳು ಹೇಳಿದ್ದು ಸೋಮವಾರ ರಾತ್ರಿಯ ಊಟ. ನಮ್ಮ ಅಜ್ಜಿಗೆ ಶಿವನ ಲೆಕ್ಕದಲ್ಲಿ ಸೋಮವಾರ ಮೊದಲೇ ಒಪ್ಪೊತ್ತು. ‘ನನ್ನಿಂದ ಸರಕಾರಕ್ಕೆ ಒಂದು ಅಗುಳೂ ಉಳಿಯಲಿಲ್ಲ’ ಎಂದು ಕಡೆಯವರೆಗೂ ಹೇಳುತ್ತಿದ್ದರು.

ಮಣಿಪಾಲ, 11.10

ವೆಚ್ಚಕಡಿತ ಎನ್ನುವುದು ಎದುರಾಳಿಗಳ ಪದ. ಬ್ಯಾನರಿನಲ್ಲೇ ತೀರ್ಪು ಬರೆದು ಆಮೇಲೆ ಎಂತ ಚರ್ಚೆ? ಪರ ಇರುವವರು ‘ಹಣಕಾಸು ಶಿಸ್ತು’ ಎನ್ನುತ್ತಾರೆ. 1991ರಲ್ಲಿ ದೇಶದ 47 ಟನ್ ಚಿನ್ನ ವಿದೇಶಕ್ಕೆ ಅಡವು ಹೋದದ್ದು ಶಿಸ್ತು ಇಲ್ಲದೆ. ರಾಜ್ಯಗಳ ಪೈಕಿ ಮೊದಲು ಹಣಕಾಸು ಹೊಣೆಗಾರಿಕೆ ಕಾಯಿದೆ ಮಾಡಿದ್ದು ಕರ್ನಾಟಕ, 2002ರಲ್ಲಿ. ಬಜೆಟ್ಟಿನ ಕೊರತೆ ರಾಜ್ಯದ ಉತ್ಪನ್ನದ ಶೇ. 3 ದಾಟಬಾರದು ಎಂದು. 1995ರಲ್ಲಿ ಕೆನಡಾದವರು ಕಟುವಾಗಿ ಕಡಿದರು, ಮೂರು ವರ್ಷದೊಳಗೆ ಕೊರತೆ ನೀಗಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ಲಂಡನ್ನಿನವರಲ್ಲ, ನಮ್ಮವರೇ.

ಕೊಡಿಯಾಲಬೈಲು, 11.25

ಗಾದೆ ಮನೆಗೆ ಸರಿ. ಊರಿನ ಎಲ್ಲರೂ ಒಂದೇ ದಿನ ಕಾಲು ಮಡಚಿದರೆ ಹಾಸಿಗೆ ನೇಯುವವನೇ ಉಪವಾಸ, ಅವನ ತೆರಿಗೆಯೂ ಇಲ್ಲ. ಗ್ರೀಸ್‌ನಲ್ಲಿ ಆದದ್ದು ಅದೇ: ಕಡಿಯುತ್ತ ಹೋದಂತೆ ದೇಶದ ಉತ್ಪನ್ನವೇ ಕಾಲುಭಾಗದಷ್ಟು ಕುಸಿಯಿತು, ಸಾಲದ ಭಾರ ಇಳಿಯಲಿಲ್ಲ. ಕಡಿತದ ಪೆಟ್ಟನ್ನು ಕಡಿಮೆ ಅಂದಾಜು ಮಾಡಿದ್ದೆವೆಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಅರ್ಥಶಾಸ್ತ್ರಜ್ಞರೇ ಆಮೇಲೆ ಬರೆದರು. ಕಡಿಯುವುದಕ್ಕೆ ಸುಗ್ಗಿಯ ಕಾಲ ಸರಿ, ಬರಗಾಲ ಅಲ್ಲ ಎಂದು ಅರ್ಥಶಾಸ್ತ್ರಜ್ಞ ಕೇನ್ಸ್ 1937ರಲ್ಲೇ ಹೇಳಿದ್ದರು. ಕೆನಡಾ ಕಡಿದದ್ದು ನೆರೆಯ ಅಮೆರಿಕ ಚೆನ್ನಾಗಿ ಕೊಳ್ಳುತ್ತಿದ್ದ ಕಾಲದಲ್ಲಿ.

ಒಂದು ಮಾತು ನಿಮಗೆ ಬಿಟ್ಟುಕೊಡುತ್ತೇನೆ. ದೆಹಲಿಗೆ ನೋಟು ಅಚ್ಚು ಹಾಕುವ ಯಂತ್ರ ಇದೆ, ವಿಧಾನಸೌಧಕ್ಕೆ ಇಲ್ಲ. ಆ ಲೆಕ್ಕದಲ್ಲಿ ರಾಜ್ಯ ಸರಕಾರ ಸ್ವಂತ ನೋಟು ಬಿಟ್ಟು ಯೂರೋ ಹಿಡಿದು ಕೂತ ಗ್ರೀಸ್‌ಗೆ ಹತ್ತಿರ. ಹಾಸಿಗೆ ಅಳೆಯಲೇಬೇಕು.

ಸುರತ್ಕಲ್, 11.31

ಕಡಿತದ ಮಾತು ಬಂದಾಗ ಎಲ್ಲರ ಕತ್ತರಿಯೂ ‘ಬಿಟ್ಟಿ ಭಾಗ್ಯ’ಗಳ ಕಡೆಗೇ ಹೋಗುತ್ತದೆ. ‘ಶಕ್ತಿ’ ಯೋಜನೆ ಸರಕಾರಿ ಬಸ್ಸಿಗೆ ಮಾತ್ರ. ನಮ್ಮ ರೂಟಿನಲ್ಲಿ ಓಡುವುದೆಲ್ಲ ಖಾಸಗಿ. ಸಿಗದೇ ಇದ್ದದ್ದನ್ನು ಎಂತ ಕಡಿಯುವುದು ಮಾರಾಯ್ರೆ?

ಕುಂಜಿಬೆಟ್ಟು, 11.44

ಬಿಟ್ಟಿ ಎಂಬ ಪದವನ್ನು ಆಡುವ ಮೊದಲು ಅದರ ಮುಖ ನೋಡಿ. ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಕೂಲಿ ಕೊಡದೆ ದೊರೆ ಜನರಿಂದ ಮಾಡಿಸಿಕೊಳ್ಳುತ್ತಿದ್ದ ದುಡಿಮೆ ಅದು, ಶಾಸನಗಳಲ್ಲಿ ಸಿಗುತ್ತದೆ. ಬಿಟ್ಟಿ ಕೊಟ್ಟವರು ಜನ, ಪಡೆದದ್ದು ಅರಮನೆ. ಇಂದು ಪದ ಪೂರ್ತಿ ಮಗುಚಿದೆ. ಒಗರಿನ ಬಗ್ಗೆ ಯಾರೂ ಉತ್ತರಿಸಿಲ್ಲ, ಗಮನಿಸಿದ್ದೇನೆ.

ಕಾರ್ಕಳ, 11.50

ಇಷ್ಟು ಬರಹದಲ್ಲಿ ಕನ್ನಡ ಎಷ್ಟಿದೆ ಎಂದು ಎಣಿಸಿದೆ. ಸರಕಾರ ಪಾರಸಿ, ಖರ್ಚು ಪಾರಸಿ, ಬಜೆಟ್ ಇಂಗ್ಲಿಷು. ಕಡಿತ ಒಂದು ನಮ್ಮದು, ಅದನ್ನು ಒಪ್ಪಿದೆ. ಮಿಕ್ಕದ್ದಕ್ಕೂ ಪದ ಕಟ್ಟುವ ಕೆಚ್ಚು ಯಾರಿಗೂ ಇಲ್ಲ.

ಕಂಕನಾಡಿ, 11.53

ಮರಾಠಿಯವರು ಮಿತವ್ಯಯಕ್ಕೆ ಹೇಳುವ ‘ಕಾಟಕಸರ್’ ತೆಗೆದುಕೊಳ್ಳಬಹುದಲ್ಲ? ನಮ್ಮ ಕೊಂಕಣಿ ಮನೆಗಳಲ್ಲಿ ಥಟ್ಟನೆ ತಿಳಿಯುತ್ತದೆ.

ಕಾರ್ಕಳ, 11.54

ಆ ‘ಕಸರ್’ ಅರಬ್ಬಿಯದು. ದೋಣಿ ಹತ್ತಿ ಬಂದದ್ದೆಲ್ಲ ನಮಗೇ ಬೇಕೇ?

ಕೊಡಿಯಾಲಬೈಲು, 12.05

ಗೇರು ಬಂದದ್ದೂ ಪೋರ್ಚುಗೀಸರ ದೋಣಿಯಲ್ಲಿ. ಈ ಕರಾವಳಿಗೆ ಉಳಿತಾಯ ಕಲಿಸಿದ ಪದವೇ ಇಂಗ್ಲಿಷಿನದು: ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಎತ್ತಲು ಶುರುಮಾಡಿದರು. ಬ್ಯಾಂಕಿನ ಹೆಸರು 2020ರಲ್ಲಿ ಕೆನರಾದೊಳಗೆ ಕರಗಿತು, ಪಿಗ್ಮಿ ಕರಗಲಿಲ್ಲ. ಮೀನು ಮಾರುವ ಹೆಂಗಸು ‘ಪಿಗ್ಮಿಯವರು ಬಂದ್ರಾ?’ ಎಂದು ಕೇಳುವಾಗ ಅದು ಯಾವ ಭಾಷೆ? ‘ಪಿಗ್ಮಿ’ಗೆ ನೀವು ಒಂದು ಅಚ್ಚಗನ್ನಡ ಕಟ್ಟಿ ಬಂದರಿನಲ್ಲಿ ಓಡಿಸಿ ತೋರಿಸಿ, ‘ಕೈಬಿಗಿತ’ಕ್ಕೆ ನಾನೇ ಫ್ಲೆಕ್ಸ್ ಹಾಕಿಸುತ್ತೇನೆ.

ಕಾರ್ಕಳ, 12.07

ಬ್ಯಾಂಕಿನಲ್ಲಿ ಸವೆದವರಿಗೆ ನುಡಿಯ ಲೆಕ್ಕ ತಿಳಿಯದು.

ಮಣಿಪಾಲ, 12.10

ಬ್ಯಾಂಕ್ ವಿಲೀನದ ಅಳುವಿಗೆ ಬೇರೆ ಎಳೆ ತೆರೆಯಿರಿ. ಕೇಳಿದವರಿಗೆ ಬೆಳಿಗ್ಗೆ ಹನ್ನೊಂದಕ್ಕೆ ಫೈಲ್ ಕೊಡಬೇಕು.

ಹಂಪನಕಟ್ಟೆ, ಬೆಳಿಗ್ಗೆ 10.20

ಎಲ್ಲರಿಗೂ ಧನ್ಯವಾದ. ಬ್ಯಾನರಿನಲ್ಲಿ ‘ಸರಕಾರಿ ವೆಚ್ಚಕ್ಕೆ ಕತ್ತರಿ: ಬೇಕೇ, ಬೇಡವೇ?’ ಕರಪತ್ರದಲ್ಲಿ ಮೊದಲ ಸಲ ‘ಆಸ್ಟೆರಿಟಿ ಎನ್ನುವ ವೆಚ್ಚಕಡಿತ’, ಆಮೇಲೆ ಬರೀ ವೆಚ್ಚಕಡಿತ. ಪರ ಮಾತಾಡುವವರ ಭಾಗದಲ್ಲಿ ಮಾತ್ರ ‘ಹಣಕಾಸು ಶಿಸ್ತು’ ಇಟ್ಟಿದ್ದೇನೆ, ಅವರು ಅದನ್ನೇ ಹೇಳುತ್ತಾರೆ, ಹೇಳಲಿ. ರೇಷನ್ ಕಾಲದ ಪ್ಯಾರಾಕ್ಕೆ ‘ಒಪ್ಪೊತ್ತಿನ ಕಾಲ’ ಚೆನ್ನಾಗಿ ಕೂತಿತು. ವಿಶೇಷಣವಾಗಿ ಬಂದಲ್ಲೆಲ್ಲ ‘ಕಡಿತದ’ ಸಾಕಾಯಿತು.

ಹಂಪನಕಟ್ಟೆ, ಸಂಜೆ 6.15

ಫ್ಲೆಕ್ಸ್ ಬಂತು. ಅಂಗಡಿಯ ಹುಡುಗ ಅಕ್ಷರ ಹೊಸದಾಗಿ ಹೊಡೆದಿದ್ದಾನೆ. ಎಂಟಡಿ ಅಗಲದಲ್ಲಿ ‘ಸರಕಾರಿ ವೆಚ್ಛಕ್ಕೆ ಕತ್ತರಿ’ ಎಂದಿದೆ. ಹೊಸದು ಮಾಡಿಸಲು ದುಡ್ಡಿಲ್ಲ, ಮೇಲೆ ಕಾಗದ ಅಂಟಿಸುತ್ತಿದ್ದೇವೆ.

ಕಾರ್ಕಳ, 6.21

ಸಂಸ್ಕೃತದಲ್ಲೂ ಇಲ್ಲದ ಮಹಾಪ್ರಾಣ! ಮೊದಲ ಕಡಿತ ಅಲ್ಲಿಂದಲೇ ಆಗಲಿ.

ಕುಂಜಿಬೆಟ್ಟು, 6.40

ಒಗರಿನಲ್ಲಿ ಮಹಾಪ್ರಾಣ ಇಲ್ಲ.