ನ್ಯಾಚೆಜ್‌ಗೆ ಹೋಗೋದು ಖರೆ, ಇಳಕೊಳ್ಳೋದು ಎಲ್ಲೆ?

ಹ್ಯೂಸ್ಟನ್ ಭಾವ: ಎಲ್ಲಾರಿಗೂ ನಮಸ್ಕಾರ. ಜನವರಿ ಮಾರ್ಟಿನ್ ಲೂಥರ್ ಕಿಂಗ್ ರಜಾದ ಪ್ಲ್ಯಾನ್ ಫೈಲ್ ನಮ್ಮ ಮನಿ ಗ್ರೂಪಿನ್ಯಾಗ ಹಾಕೀನಿ, ತಗದು ನೋಡ್ರಿ. ಶನಿವಾರ ಮಿಸಿಸಿಪ್ಪಿ ರಾಜ್ಯದ ವಿಕ್ಸ್‌ಬರ್ಗ್, ಸಂಜೀಕ ಅದಽ ರಾಜ್ಯದ ನದಿ ದಂಡಿ ಊರು ನ್ಯಾಚೆಜ್, ರವಿವಾರ ಮಧ್ಯಾಹ್ನ ಬಿಟ್ಟು ನ್ಯೂ ಆರ್ಲಿಯನ್ಸ್, ಸೋಮವಾರ ವಾಪಸ್. ನ್ಯಾಚೆಜ್‌ನ್ಯಾಗ ಇರಲಿಕ್ಕೆ ಒಂದು ಲಿಂಕ್ ಕಳಿಸೀನಿ, ಊರ ಹೊರಗ ಹಳೇ ಹತ್ತಿ ಎಸ್ಟೇಟಿನ ಬಂಗ್ಲೆ, ಮುಂದ ದೊಡ್ಡ ದೊಡ್ಡ ಬಿಳೇ ಕಂಬ, ಎಲ್ಲಾರೂ ಒಂದಽ ಕಡೆ ಇರಬಹುದು, ರಾತ್ರಿ ಹಳೇ ಕಾಲದ ಡ್ರೆಸ್ ಹಾಕ್ಕೊಂಡು ಕ್ಯಾಂಡಲ್ ಡಿನ್ನರ್ ಬ್ಯಾರೆ ಅದ. ಇವತ್ತ ರಾತ್ರಿ ಬುಕ್ ಮಾಡ್ಲೇನು?

ಡ್ಯಾಲಸ್ ವೈನಿ: ಫೋಟೋ ಭಾಳ ಛಂದ ಅವ! ಆದ್ರ ರೂಮೆಲ್ಲಾ ಮಹಡಿ ಮ್ಯಾಲೆ ಕಾಣಸ್ತಾವ, ಅವ್ವನ ಮೊಣಕಾಲು ನೋಡ್ಕೋರಿ

ನಾನು: ಭಾವ, ನ್ಯಾಚೆಜ್ ಆರಿಸಿದ್ದು ನನಗ ಭಾಳ ಖುಷಿ ಆತು, ಆದ್ರ ದಯಮಾಡಿ ಆ ಬಂಗ್ಲೆ ಬುಕ್ ಮಾಡಬ್ಯಾಡ್ರಿ. ನಾವು ಹೊಂಟಿದ್ದು ಕಪ್ಪು ಮಂದಿ ಹಕ್ಕಿಗೆ ಹೋರಾಡಿದ ಕಿಂಗ್ ಅವರ ಹೆಸರಿನ ರಜಾದಾಗ, ಆ ರಜಾದಾಗ ಗುಲಾಮರನ್ನ ಇಟಗೊಂಡಿದ್ದ ಮಾಲಕರ ಊಟದ ಮನ್ಯಾಗ ಅವರ ಹಂಗ ಡ್ರೆಸ್ ಮಾಡ್ಕೊಂಡು ಕೂತು ಫೋಟೋ ತಗಿಸಿಕೊಳ್ಳೋದು ನನ್ನ ಕೈಲೆ ಆಗೂದಿಲ್ಲ, ನಮ್ಮ ಹುಡುಗ್ರಿಗೆ ಅದನ್ನ ಮಜಾ ಅಂತ ತೋರಸಲಿಕ್ಕೂ ಮನಸ್ಸಿಲ್ಲ. ಮತ್ತ ಮೂರು ದಿನದಾಗ ಮೂರು ಊರು ಯಾಕ ಬೇಕು, ನ್ಯಾಚೆಜ್‌ನಿಂದ ನ್ಯೂ ಆರ್ಲಿಯನ್ಸ್ ಅಂದ್ರ ಮೂರು ತಾಸಿನ ಹಾದಿ, ಅಪ್ಪಾಜಿ ಕಾರ್‌ನ್ಯಾಗಽ ದಣಕೊಂಡು ಹೋಗ್ತಾರ.

ಹ್ಯೂಸ್ಟನ್ ಭಾವ: ನೀ ಹೇಳೋದು ತಿಳೀತು. ಆದ್ರ ಹಂಗ ಲೆಕ್ಕ ಹಾಕಿದ್ರ ನಾವು ಯಾವ ಅರಮನಿ, ಯಾವ ಕೋಟಿ ನೋಡೋ ಹಂಗಿಲ್ಲ ನೋಡು. ಬಿಟ್ಟಿ ದುಡಿಮಿ ಇಲ್ಲದ ಎದ್ದ ಕೋಟಿ ಜಗತ್ತಿನ್ಯಾಗ ಎಷ್ಟು ಅವ? ಮನಿ ಏನು ತಪ್ಪು ಮಾಡೇದ? ಇಷ್ಟು ಹಳೇ ಮನಿ ಉಳಸಬೇಕಂದ್ರ ರೊಕ್ಕ ಬೇಕು, ಆ ರೊಕ್ಕ ನಮ್ಮಂಥಾವರ ಬಾಡಿಗಿಯಿಂದನಽ ಬರಬೇಕು.

ಅಕ್ಕ: ಇವರು ಹೇಳೋದ್ರಾಗೂ ಅರ್ಥ ಅದ. ಯಾರೂ ಹೋಗಲಿಲ್ಲಂದ್ರ ಆ ಮನಿ ಬಿದ್ದು ಹೋಗ್ತಾವ, ಆಮ್ಯಾಲೆ ಇತಿಹಾಸ ತೋರಸಲಿಕ್ಕೆ ಏನು ಉಳೀತದ?

ನಾನು: ಅಕ್ಕ, ನೋಡಬ್ಯಾಡ ಅಂತ ನಾ ಎಲ್ಲೆ ಅಂದೆ? ಮನಿ ನೋಡೋಣು, ಟಿಕೆಟ್ ತಗೊಂಡಽ ನೋಡೋಣು. ಲಾಂಗ್‌ವುಡ್ ಅಂತ ಎಂಟು ಮೂಲಿ ಮನಿ ಅದ, 32 ಖೋಲಿ ಅಂತ ನಕಾಶಿ ಹಾಕಿದ್ರು, 1861ರಾಗ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವ ಅಂತರ್ಯುದ್ಧ ಶುರು ಆದ ಕೂಡ್ಲೆ ಉತ್ತರದ ಕುಶಲಕರ್ಮಿಗಳೆಲ್ಲಾ ಕೆಲಸ ಬಿಟ್ಟು ಊರಿಗೆ ಹೋದ್ರು, ಕೆಳಗಿನ ಅಂತಸ್ತು ಪೂರ್ತಿ ಮಾಡಿದವರು ಅಲ್ಲಿಯ ಗುಲಾಮರು. ಮಾಲಕ ಹ್ಯಾಲರ್ ನಟ್ 1864ರಾಗ ತೀರಕೊಂಡ. ಮ್ಯಾಲಿನ ಅಂತಸ್ತು ಇವತ್ತಿಗೂ ಹಸಿ ಇಟ್ಟಂಗಿ, ಬರೇ ಕಟ್ಟಿಗಿ ತೊಲಿ, ಗಿಲಾವ್ ಸುದ್ಧಾ ಇಲ್ಲ. ಎಲ್ಲಾ ಮುಗಿದು ಶೃಂಗಾರ ಆದ ಮನಿಗಿಂತ ಈ ಅರ್ಧಕ್ಕ ನಿಂತ ಮನಿ ನನಗ ಹೆಚ್ಚು ಖರೆ ಅನಸ್ತದ. ಆಮ್ಯಾಲೆ ಮೆಲ್‌ರೋಸ್, ಅದು ಐತಿಹಾಸಿಕ ಜಾಗಾನೂ ನೋಡ್ಕೊಳ್ಳೋ ಸರ್ಕಾರದ ನ್ಯಾಷನಲ್ ಪಾರ್ಕಿನವರ ಕೈಯಾಗ ಅದ, ದೊಡ್ಡ ಮನಿ ಹಿಂದನಽ ಗುಲಾಮರು ಇರ್ತಿದ್ದ ಖೋಲಿ ಉಳದಾವ, ಎರಡೂ ಒಂದಽ ಅಂಗಳದಾಗ ನೋಡಬಹುದು. ನನ್ನ ತಕರಾರು ಇರೋದು ಅಂಥಾ ಮನ್ಯಾಗ ಒಂದು ರಾತ್ರಿ ಮಾಲಕರಾಗಿ ಮೆರೀಲಿಕ್ಕೆ ರೊಕ್ಕ ಕೊಡೋದರ ಬಗ್ಗೆ.

ಚಿನ್ನಿ: ಫೋರ್ಕ್ಸ್ ಆಫ್ ದ ರೋಡ್ ಅನ್ನೋದೂ ಅಲ್ಲೇ ಅಲ್ವಾ? ಫೋಟೋ ನೋಡ್ದೆ, ಬರೀ ಹುಲ್ಲು ಮತ್ತೆ ಬೋರ್ಡ್ ಇದೆ. ಅಜ್ಜ ಅಜ್ಜಿನ ಕರ್ಕೊಂಡು ಹೋಗಿ ಅಲ್ಲಿ ಏನ್ ತೋರಿಸೋದು?

ನಾನು: ಹೌದು ಪುಟ್ಟಿ, ಹುಲ್ಲಽ ಅದ. ಅದಕ್ಕಽ ಶನಿವಾರ ಊರಿಗೆ ಮುಟ್ಟಿದ ಕೂಡ್ಲೆ ಮೊದಲ ಅಲ್ಲೆ ಹೋಗೋಣು ಅಂತೀನಿ. ನ್ಯೂ ಆರ್ಲಿಯನ್ಸ್ ಬಿಟ್ರ ದಕ್ಷಿಣದ ಆ ಭಾಗದಾಗ ಎರಡನೇ ದೊಡ್ಡ ಗುಲಾಮರ ಸಂತಿ ಇದ್ದ ಜಾಗಾ ಅದು, ವರ್ಜೀನಿಯಾ ಕಡಿಂದ ಸರಪಳಿ ಕಟ್ಟಿ ನಡಸಕೊಂತ ಕರ್ಕೊಂಡು ಬಂದು ಅಲ್ಲೆ ಮಾರತಿದ್ರು, ತಾಯಿ ಒಂದು ಎಸ್ಟೇಟಿಗೆ, ಮಗಳು ಇನ್ನೊಂದಕ್ಕ. 1863ರಾಗ ಉತ್ತರದ ಸೈನ್ಯ ಊರು ಹಿಡದ ಮ್ಯಾಲೆ ಸಂತಿ ನಿಂತಿತು, ಆ ಕೊಟ್ಟಿಗಿಗಳನ್ನ ಕೆಡವಿದ್ದು ಸೈನ್ಯ ಸೇರಿದ್ದ ಕಪ್ಪು ಸೈನಿಕರು. 2021ರಾಗ ಅದು ನ್ಯಾಷನಲ್ ಪಾರ್ಕಿಗೆ ಸೇರಿತು. ಕಂಬದ ಮನಿಗಳೆಲ್ಲಾ ಉಳದಾವ, ಅವನ್ನ ಕಟ್ಟಲಿಕ್ಕೆ ರೊಕ್ಕ ದುಡದುಕೊಟ್ಟ ಮಂದಿ ಮಾರಾಟ ಆದ ಜಾಗಾದಾಗ ಹುಲ್ಲು ಅದ, ಈ ಅಂತರ ಕಣ್ಣಲೆ ನೋಡಿದ ಮ್ಯಾಲೆ ಆ ಮನಿಗಳ ಗೈಡ್ ಏನು ಹೇಳ್ತಾನ, ಏನು ಬಿಡ್ತಾನ ನಿಮಗಽ ತಿಳೀತದ.

ಹ್ಯೂಸ್ಟನ್ ಭಾವ: ಅಷ್ಟು ಸರಳ ಇಲ್ಲ ಅದು. ಅದಽ ಊರಾಗ ವಿಲಿಯಂ ಜಾನ್ಸನ್ ಅಂತ ಇದ್ದ, ಗುಲಾಮ ಆಗೇ ಹುಟ್ಟಿ ಬಿಡುಗಡೆ ಆಗಿ ಕಟಿಂಗ್ ಶಾಪ್ ಇಟ್ಟು ಶ್ರೀಮಂತ ಆದ ಕಪ್ಪು ಮನುಷ್ಯ, ತಾನೂ ಗುಲಾಮರನ್ನ ಕೊಂಡಾನ. ಅವನ ಮನಿ ನೋಡಬಹುದು ಅಂದ್ರ ಈ ಬಂಗ್ಲೆ ಯಾಕ ಬ್ಯಾಡ?

ನಾನು: ಖರೆ ಭಾವ, ಅದನ್ನೂ ಹುಡುಗ್ರಿಗೆ ಮುಚ್ಚಬಾರದು. ಆದ್ರ ಅವನ ಕಥಿ ಪೂರ್ತಿ ಹೇಳ್ರಿ. 1835ರಿಂದ 1851ರ ತನಕ ದಿನಚರಿ ಬರದಾನ, ಅಂಗಡಿ ಹಿಸಾಬು, ಊರ ಜಗಳ, ಕುದರಿ ರೇಸು ಎಲ್ಲಾ ಅದರಾಗ ಅದ. 1851ರಾಗ ಜಮೀನಿನ ಗಡಿ ಜಗಳಕ್ಕ ಅವನನ್ನ ಗುಂಡು ಹೊಡದು ಕೊಂದ್ರು. ಆರೋಪಿ ತಾ ಬಿಳಿಯ ಅಂತ ವಾದ ಮಾಡಿದ, ನೋಡಿದ ಸಾಕ್ಷಿದಾರರು ಕಪ್ಪು ಮಂದಿ, ಬಿಳಿಯನ ವಿರುದ್ಧ ಅವರ ಸಾಕ್ಷಿ ಕೋರ್ಟಿನ್ಯಾಗ ನಡೀತಿರಲಿಲ್ಲ, ಮನುಷ್ಯ ಬಿಡುಗಡೆ ಆದ. ಎಷ್ಟು ರೊಕ್ಕ ಮಾಡಿದ್ರೂ ಜಾನ್ಸನ್‌ಗೆ ಸಿಗದ ನ್ಯಾಯ ಅದು. ಅವನ ಮನಿ ಊರ ನಡುವನಽ ಅದ, ಅಲ್ಲೆ ಯಾರೂ ಡ್ರೆಸ್ ಹಾಕಿಸಿ ಊಟ ಬಡಸೂದಿಲ್ಲ.

ಧಾರವಾಡ ಕಾಕಾ: ಈಗ ಎದ್ದು ಎಲ್ಲಾ ಓದಿದೆ. ಇದರಾಗ ನಮ್ಮ ಧಾರವಾಡನೂ ಅದ ಅನ್ನೋದು ಮರೀಬ್ಯಾಡ್ರಿ. 1840ರ ಸುಮಾರಿಗೆ ಕಂಪನಿ ಸರ್ಕಾರ ಅಮೆರಿಕದ ದಕ್ಷಿಣದಿಂದ ಹತ್ತು ಜನ ಹತ್ತಿ ಪ್ಲಾಂಟರ್‌ಗಳನ್ನ ಹಿಂದೂಸ್ತಾನಕ್ಕ ಕರಿಸಿತ್ತು, ನ್ಯೂ ಆರ್ಲಿಯನ್ಸ್ ಬೀಜ ನಮ್ಮ ಹೊಲದಾಗ ಹತ್ತಿತು, ಅದಕ್ಕಽ ಧಾರವಾಡ ಅಮೆರಿಕನ್ ಹತ್ತಿ ಅಂತ ಹೆಸರು ಬಿತ್ತು. ಮುಂದ ಅಲ್ಲೆ ಯುದ್ಧ ಹತ್ತಿ 1861ರಿಂದ 65ರ ತನಕ ಇಂಗ್ಲೆಂಡಿನ ಲ್ಯಾಂಕಾಶೈರ್ ಮಿಲ್ಲಿಗೆ ಅಮೆರಿಕದ ಹತ್ತಿ ಬರೋದು ನಿಂತಾಗ ನಮ್ಮ ಕಡೆ ರೇಟು ಏರಿದ್ದು ಏರಿದ್ದಽ, ಯುದ್ಧ ಮುಗದ ಮ್ಯಾಲೆ ಬಿತ್ತು. ಅಲ್ಲಿ ಮಂದಿಯ ಸಂಕಟ, ಇಲ್ಲಿ ರೈತನ ಕೈಯಾನ ರೊಕ್ಕ, ಒಂದಽ ತಕ್ಕಡಿ. ಇದನ್ನ ನಮ್ಮ ಹುಡುಗ್ರಿಗೆ ಅಲ್ಲೆ ನಿಂತು ಹೇಳ್ರಿ, ಮತ್ತ ಊರ ನಡುವ ಇಳಕೋರಿ, ಬಂಗ್ಲೆ ಬ್ಯಾಡ ಅಂತ ನನ್ನ ಮತಾನೂ ಅದಽ.

ಡ್ಯಾಲಸ್ ವೈನಿ: ಕಾಕಾ ಇದು ನಮಗ ಗೊತ್ತಽ ಇರಲಿಲ್ಲ!! ನನ್ನ ವೋಟೂ ಊರಾಗಽ. ಕೆಳಗಿನ ಅಂತಸ್ತಿನ್ಯಾಗ ಎರಡು ಬೆಡ್‌ರೂಮ್ ಮತ್ತ ಅಡಗಿ ಮನಿ ಇರೋ ಬಾಡಿಗಿ ಮನಿ ಹುಡುಕೋಣು. ಶಾಕಾಹಾರಿಗಳಿಗೆ ಅಲ್ಲೆ ಕಷ್ಟ ಆಗ್ತದ, ಸೊಪ್ಪಿನ ಪಲ್ಯಾದಾಗ, ಬೀನ್ಸ್‌ನ್ಯಾಗ ಸುದ್ಧಾ ಹಂದಿ ಮಾಂಸ ಹಾಕಿ ಕುದಸೋ ರೂಢಿ ಅದ, ಕೇಳದ ಅವ್ವಗ ಏನೂ ಕೊಡಬ್ಯಾಡ್ರಿ. ನಾ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕುಕ್ಕರ್ ತರ್ತೀನಿ.

ಹ್ಯೂಸ್ಟನ್ ಭಾವ: ಆತು, ಡಿನ್ನರ್ ಬಿಟ್ಟೆ, ಬಂಗ್ಲೆನೂ ಬಿಟ್ಟೆ. ಆದ್ರ ವಿಕ್ಸ್‌ಬರ್ಗ್ ಬಿಡೂದಿಲ್ಲ, ಅಂತರ್ಯುದ್ಧದಾಗ 47 ದಿನ ಮುತ್ತಿಗಿ ತಡಕೊಂಡ ಊರು ಅದು. ನ್ಯೂ ಆರ್ಲಿಯನ್ಸ್ ಬಗ್ಗೆ ಹುಡುಗ್ರನ್ನ ಕೇಳ್ರಿ.

ನಾನು: ವಿಕ್ಸ್‌ಬರ್ಗ್ ಡ್ಯಾಲಸ್‌ನವರಿಗೆ ದಾರ್ಯಾಗಽ ಬರ್ತದ, ನೀವೂ ಅವರ ಜೋಡಿ ಅಲ್ಲೆ ಸೇರ್ರಿ, ನನ್ನದೇನೂ ಅಡ್ಡಿ ಇಲ್ಲ. ನಾವು ಅಟ್ಲಾಂಟಾದಿಂದ ಜ್ಯಾಕ್ಸನ್ ತನಕ ಹೈವೇ, ಅಲ್ಲಿಂದ ಮುಂದ ನ್ಯಾಚೆಜ್ ಟ್ರೇಸ್ ರಸ್ತೆ ಹಿಡೀತೀವಿ, ಲಾರಿ ಇಲ್ಲ, ಜಾಹೀರಾತಿನ ಬೋರ್ಡ್ ಇಲ್ಲ, ಎರಡೂ ಕಡೆ ಗಿಡಾನಽ ಗಿಡ. ಸ್ಪೀಡ್ 50 ಮೈಲಿ ದಾಟೋ ಹಂಗಿಲ್ಲ, ಪೆಟ್ರೋಲ್ ಬಂಕ್ ಆ ರಸ್ತೆ ಮ್ಯಾಲೆ ಇಲ್ಲ, ಜ್ಯಾಕ್ಸನ್‌ನ್ಯಾಗಽ ತುಂಬಸಬೇಕು. ಊರಿಗೆ ಮುಟ್ಟೋಕಿಂತ ಮೊದಲ ಎಮರಾಲ್ಡ್ ಮೌಂಡ್ ಬರ್ತದ, ಯುರೋಪಿನವರು ಬರೋದಕ್ಕಿಂತ ಮುಂಚೆ ಅಲ್ಲಿಯ ಮೂಲ ಮಂದಿ ಕಟ್ಟಿದ ಎಂಟು ಎಕರೆ ಮಣ್ಣಿನ ದಿಬ್ಬ, ಫ್ರೆಂಚರು 1716ರಾಗ ಕೋಟೆ ಕಟ್ಟಿದ್ದು ಅವರದಽ ನೆಲದಾಗ. ಇನ್ನ ರವಿವಾರ ಸಂಜೀಕ ನ್ಯೂ ಆರ್ಲಿಯನ್ಸ್‌ಗೆ ಓಡೋದ್ರ ಬದಲಿ ಎತ್ತರದ ದಂಡಿ ಮ್ಯಾಲೆ ಅಪ್ಪಾಜಿನ್ನ ಕೂಡಿಸಿ ಮಿಸಿಸಿಪ್ಪಿ ತೋರಸೋಣು, ಸೂರ್ಯ ಆ ಕಡೆ ಲೂಸಿಯಾನಾದಾಗ ಮುಳಗ್ತಾನ. ಜನವರಿಯಾಗ ಐದೂವರೆಗೆ ಕತ್ತಲಿ ಬೀಳ್ತದ, ಸ್ವೆಟರ್ ಮರೀಬ್ಯಾಡ್ರಿ.

ಚಿನ್ನಿ: ನಾನು ನ್ಯೂ ಆರ್ಲಿಯನ್ಸ್ ಪರ, ಸಾರಿ ಚಿಕ್ಕಮ್ಮ. ಜಾಝ್ ಕೇಳ್ಬೇಕು. ಆದ್ರೆ ಮೊದಲು ಫೋರ್ಕ್ಸ್‌ಗೆ ಹೋಗೋದಕ್ಕೆ ನಾನೂ ಓಕೆ

ಅಕ್ಕ: ನ್ಯೂ ಆರ್ಲಿಯನ್ಸ್‌ಗೆ ಪೋಲ್ ಹಾಕೀನಿ, ನಾಳೆ ರಾತ್ರಿ ತನಕ ಎಲ್ಲಾರೂ ಒತ್ತರಿ. ಅವ್ವ ಅಪ್ಪಾಜಿದು ನಾನಽ ಕೇಳಿ ಹಾಕ್ತೀನಿ. ಊರೊಳಗಿನ ಮನಿ ಲಿಂಕ್ ಯಾರಿಗೆ ಸಿಕ್ಕರೂ ಇಲ್ಲೆ ಹಾಕ್ರಿ, ಮೆಟ್ಟಲ ಎಷ್ಟು ಅವ ಅಂತ ಮಾಲಕರನ್ನ ಕೇಳಿದ ಮ್ಯಾಲೆನಽ ರೊಕ್ಕ ಕಟ್ಟೋದು.