ಐವರು ಸೇರಿ ಒಂದೇ ಹೊದಿಕೆ ಹೆಣೆದವರು ಇದ್ದೀರಾ? ಅನುಭವ ಹೇಳಿ

ಶಿವಮೊಗ್ಗದ ಹೊಸಬಳು:
ನಾವು ಹಾಸ್ಟೆಲಿನ ಗೆಳತಿಯರು. ಈಗ ಶಿವಮೊಗ್ಗ, ಹುಬ್ಬಳ್ಳಿ, ಮೈಸೂರು, ಬೆಂಗಳೂರು ಅಂತ ಚದುರಿ ಹೋಗಿದ್ದೇವೆ. ನಮ್ಮಲ್ಲೊಬ್ಬಳಿಗೆ ಜನವರಿಯಲ್ಲಿ ಹೆರಿಗೆ. ಉಳಿದ ಐವರು ಸೇರಿ ಮಗುವಿಗೆ ಕ್ರೋಶಾ (ಒಂದೇ ಕೊಕ್ಕೆ ಕಡ್ಡಿಯ ಹೆಣಿಗೆ) ಹೊದಿಕೆ ಮಾಡೋಣ ಅಂದುಕೊಂಡಿದ್ದೇವೆ. ತಲಾ 7 ಚೌಕ, ಒಟ್ಟು 35. ಒಂದೊಂದೂ 6 ಇಂಚು. ಎಲ್ಲರೂ ನನಗೆ ಅಂಚೆಯಲ್ಲಿ ಕಳಿಸುತ್ತಾರೆ, ನಾನು ಜೋಡಿಸಬೇಕು. ಉಲ್ಲನ್ ಅವರವರೇ ಕೊಂಡರೆ ಸಾಕಾ? ಅಕ್ರಿಲಿಕ್ಕಾ (ಕೃತಕ ನೂಲು), ಕಾಟನ್ನಾ? ಒಬ್ಬಳಿಗೆ ಕ್ರೋಶಾ ಬರೋದೇ ಇಲ್ಲ, ಎರಡು ಕಡ್ಡಿಯ ಹೆಣಿಗೆ ಮಾತ್ರ ಗೊತ್ತು. ಅವಳ ಚೌಕ ಸೇರಿಸಬಹುದಾ?

ಮೈಸೂರಿನ ಗ್ರಾನಿ ಚೌಕ:
ನಾವು ನಾಲ್ವರು 2019ರಲ್ಲಿ ಇದನ್ನೇ ಮಾಡಿದೆವು. 36 ಚೌಕ, ತಲಾ 9. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಎಲ್ಲರಿಗೂ ಒಂದೇ ಗ್ರಾನಿ ಚೌಕದ (ನಡುವಿನಿಂದ ಸುತ್ತು ಸುತ್ತಾಗಿ ಹಾಕುವ ಚೌಕ) ನಮೂನೆ ಕಳಿಸಿದ್ದೆ, ಐದು ಸುತ್ತು, ಡಬಲ್ ಕ್ರೋಶಾ ಅನ್ನುವ ಕುಣಿಕೆ. ಬಂದ ಪೊಟ್ಟಣ ಬಿಚ್ಚಿದರೆ ಒಬ್ಬಳ ಚೌಕ ನಾಲ್ಕೂವರೆ ಇಂಚು, ಹಲಗೆಯ ಹಾಗೆ ಗಟ್ಟಿ. ಇನ್ನೊಬ್ಬಳದು ಆರೂ ಮುಕ್ಕಾಲು. ನನ್ನದು ಸರಿಯಾಗಿ ಆರು.

ನಾಲ್ಕೂವರೆ ಹೇಗಾಯಿತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಅವಳು ಕಲಿತದ್ದು ಅಮ್ಮನ ಹಳೆಯ ಬ್ರಿಟಿಷ್ ಪುಸ್ತಕದಿಂದ. ನಾನು ಕಲಿತದ್ದು ಅಮೆರಿಕದವರ ವಿಡಿಯೋ ನೋಡಿ. ಬ್ರಿಟಿಷರ ಡಬಲ್ ಅಂದರೆ ಅಮೆರಿಕದವರ ಸಿಂಗಲ್, ಗಿಡ್ಡ ಕುಣಿಕೆ. ಅಮೆರಿಕದ ಡಬಲ್ ಅಂದರೆ ಬ್ರಿಟಿಷರ ಟ್ರೆಬಲ್. ಅವಳದೇನೂ ತಪ್ಪಿಲ್ಲ, ನನ್ನದೂ ಇಲ್ಲ. ಆದರೆ 9 ಚೌಕ ಪೂರ್ತಿ ಬಿಚ್ಚಬೇಕಾಯಿತು. ಆರೂ ಮುಕ್ಕಾಲಿನವಳದು ಸಡಿಲ ಕೈ. ಒಂದು ಸಾಲಿಗೆ ಆರು ಚೌಕ ಅಂದರೆ ನಾಲ್ಕೂವರೆ ಇಂಚು ಹೆಚ್ಚು! ಅವಳು ಬಿಚ್ಚಲು ಒಪ್ಪಲಿಲ್ಲ. ಕೊನೆಗೆ ನಾನೇ ಅವಳ ಒಂಬತ್ತರ ಕೊನೇ ಸುತ್ತು ಬಿಚ್ಚಿ ಸಣ್ಣ ಕ್ರೋಶಾ ಕಡ್ಡಿಯಲ್ಲಿ ಮತ್ತೆ ಹಾಕಿದೆ. ಆಮೇಲೆ ಒಂದು ವರ್ಷ ಮಾತಿಲ್ಲ.

ಇನ್ನು ಬಿಳಿ ಬಣ್ಣ. ನಾಲ್ವರೂ ಬೇರೆ ಬೇರೆ ಊರಲ್ಲಿ ಒಂದೇ ಕಂಪನಿಯ ಒಂದೇ ನಂಬರಿನ ಬಿಳಿ ಕೊಂಡೆವು. ಜೋಡಿಸಿದಾಗ ಒಂದು ಹಾಲಿನ ಬಿಳಿ, ಒಂದು ಮಜ್ಜಿಗೆ ಬಿಳಿ. ಡೈ ಲಾಟ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರು, ಬೇರೆ. ಉಂಡೆಗೆ ಸುತ್ತಿದ ಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ನಾವು ಯಾರೂ ನೋಡಲಿಲ್ಲ. ಖರ್ಚು ಕೇಳಿ. 10 ಉಂಡೆಗೆ 1300. ಬಣ್ಣ ಸರಿಮಾಡಲು ಮತ್ತೆ 4 ಉಂಡೆ, 520. ಅಂಚಿಗೆ 260. ಪಾರ್ಸೆಲ್ 360. ಒಟ್ಟು 2440 ರೂಪಾಯಿ. ಮಗುವಿಗೆ ಎಂಟು ತಿಂಗಳಾದ ಮೇಲೆ ಕೊಟ್ಟೆ.

ಮಡಿಕೇರಿ ಕಡ್ಡಿ:
ಮಗುವಿಗೆ ಕ್ರೋಶಾ ಯಾಕೆ ಬೇಕು? ಗ್ರಾನಿ ಚೌಕದ ತುಂಬ ತೂತು. ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ಉಲ್ಲನ್ ಕೂಡ ಹೆಣಿಗೆಗಿಂತ ಜಾಸ್ತಿ ತಿನ್ನುತ್ತದೆ, ಭಾರವೂ ಹೌದು. ಕಡ್ಡಿಯಲ್ಲಿ ಹೆಣೆದ ಬಟ್ಟೆ ಮೈಗೆ ಒರಗುತ್ತದೆ. ನಮ್ಮ ಮಳೆಗಾಲ ಕಂಡವರಿಗೆ ಅದು ಗೊತ್ತು.

ನನ್ನ ಕಥೆ ಹೇಳುತ್ತೇನೆ. ನನ್ನವರಿಗೆ ಮೆರಿನೋ ಕುರಿಯ ಉಣ್ಣೆಯ ಸ್ವೆಟರ್ ಹೆಣೆದೆ. 50 ಗ್ರಾಮಿನ 11 ಉಂಡೆ, ಒಂದಕ್ಕೆ 460. ಲೆಕ್ಕ ಹಾಕಿ, 5060 ರೂಪಾಯಿ. ಮುಂಭಾಗದಲ್ಲಿ ಜಡೆ ನಮೂನೆ. ಜೂನ್‌ನಲ್ಲಿ ಶುರು, ದೀಪಾವಳಿಗೆ ಮುಗಿಯಿತು. ಜಡೆ ತಪ್ಪಿದ್ದು ತೋಳಿನ ಹತ್ತಿರ ಬಂದಾಗ ಗೊತ್ತಾಗಿ 40 ಸಾಲು ಬಿಚ್ಚಿದ್ದೆ. ಮೂರು ಸಲ ಹಾಕಿಕೊಂಡರು. ನಾಲ್ಕನೇ ಸಲ ನಾನು ಊರಲ್ಲಿರಲಿಲ್ಲ. ಮನೆಯಲ್ಲಿ ಯಾರೋ ವಾಷಿಂಗ್ ಮೆಷಿನ್ನಿಗೆ ಬಿಸಿನೀರಲ್ಲಿ ಹಾಕಿದರು. 42 ಇಂಚಿನ ಎದೆಯ ಸ್ವೆಟರ್ ಎಂಟು ವರ್ಷದ ಹುಡುಗನಿಗಾಗುವಷ್ಟು ಕುಗ್ಗಿ ಕಂಬಳಿಯ ಹಾಗೆ ದಪ್ಪಗಾಯಿತು. ಯಾರು ಹಾಕಿದ್ದು ಅಂತ ಇಂದಿಗೂ ಯಾರೂ ಒಪ್ಪಿಲ್ಲ. ಸ್ವೆಟರ್ ನನ್ನ ಬೀರುವಿನಲ್ಲೇ ಇದೆ.

ಕುಚ್ಚಿನ ಕೈ, ಬೆಂಗಳೂರು:
ತೂತು ಅಂತ ಬರೆದವರಿಗೆ ಒಂದು ಮಾತು. ಆ ತೂತಿನ ಲೆಕ್ಕದಲ್ಲೇ ನನ್ನ ಇಬ್ಬರು ಮಕ್ಕಳ ಫೀಸು ನಡೆಯುತ್ತಿದೆ. ಸ್ವೆಟರ್ ಹೆಣೆಯುವ ಮೆಷಿನ್ ಲೂಧಿಯಾನದಲ್ಲಿ ಸಾಲು ಸಾಲಾಗಿ ಇದೆ. ನಿಜವಾದ ಕ್ರೋಶಾ ಹಾಕುವ ಮೆಷಿನ್ ಎಲ್ಲಿದೆ ತೋರಿಸಿ. ಪ್ರತಿ ಕುಣಿಕೆಯೂ ಕೈಯಿಂದಲೇ ಬರಬೇಕು.

ನಾನು ಸೀರೆಗೆ ಕ್ರೋಶಾ ಕುಚ್ಚು ಹಾಕುತ್ತೇನೆ. ಒಂದು ಸೆರಗಿಗೆ 52 ಕುಚ್ಚು, ಎರಡು ಸಾಲು ಮಣಿ ಇದ್ದರೆ ಏಳು ಗಂಟೆ. ಬೊಟಿಕ್ಕಿನವರು ನನಗೆ ಕೊಡುವುದು 350, ಗಿರಾಕಿಯ ಬಿಲ್ಲಿನಲ್ಲಿ 1200. ಮೊನ್ನೆ ಶ್ರಾವಣದಲ್ಲಿ ಕೆನೆ ಬಣ್ಣದ ರೇಷ್ಮೆ ಸೀರೆಗೆ ಕೆಂಪು ಕುಚ್ಚು ಕೇಳಿದರು. ದಾರ ಹೊಸ ಅಂಗಡಿಯದು. ಗಂಟು ಕೂರಲಿ ಅಂತ ಒದ್ದೆ ಬಟ್ಟೆ ಇಟ್ಟು ಒತ್ತಿದೆ. ಕೆಂಪು ಬಣ್ಣ ಬಿಟ್ಟು ಸೆರಗಿಗೆ ಹರಡಿತು, ಎರಡು ಬೆರಳಗಲ. ಸೀರೆಯ ಬೆಲೆ 6500, ಕೈಯಿಂದ ಕೊಟ್ಟೆ. ಅಂದರೆ 18ಕ್ಕೂ ಹೆಚ್ಚು ಸೀರೆಯ ಕೂಲಿ ಹೋಯಿತು. ಈಗ ಯಾವ ದಾರ ತಂದರೂ ಮೊದಲು ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ನೆನೆಸುತ್ತೇನೆ.

ನಮೂನೆ ಹಂಚಿಕೊಳ್ಳುವ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ನವಿಲುಗರಿ ಕುಚ್ಚು ಒಂದನ್ನು ನಾನೇ ಯೋಚಿಸಿ ಮಾಡಿ, ಫೋಟೋವನ್ನು ಹೊಲಿಗೆ ಗುಂಪೊಂದರಲ್ಲಿ ಹಾಕಿದೆ. ಹೇಗೆ ಹಾಕುವುದು ಅಂತ ಕೇಳಿದವರಿಗೆಲ್ಲ ಬಿಡಿಸಿ ಹೇಳಿದೆ. ಒಂದು ತಿಂಗಳಲ್ಲಿ ಒಬ್ಬರು ಅದನ್ನೇ ತಮ್ಮ ಹೆಸರಲ್ಲಿ ಹಾಕಿ, 999 ರೂಪಾಯಿಗೆ ಆನ್‌ಲೈನ್ ಕ್ಲಾಸ್ ಶುರು ಮಾಡಿದರು. ಅಂದಿನಿಂದ ನಾನು ಕುಣಿಕೆ ಕಾಣುವ ಹಿಂಭಾಗದ ಫೋಟೋ ಯಾರಿಗೂ ಕೊಡುವುದಿಲ್ಲ.

ಧಾರವಾಡದ ನಿವೃತ್ತ:
ನಾನು ಗಂಡಸು, 63 ವರ್ಷ. ಕ್ರೋಶಾ ಕಲಿತು ನಾಲ್ಕು ವರ್ಷವಾಯಿತು. ಹೃದಯದ ಆಪರೇಷನ್ ಆದ ಮೇಲೆ ಸುಮ್ನೆ ಕೂರಲು ಆಗದೆ ಹೆಂಡತಿಯ ಕಡ್ಡಿ ಹಿಡಿದೆ. ಕುಚ್ಚಿನ ತಂಗಿಗೆ ಹೇಳುವುದು ಇಷ್ಟು. ನಮೂನೆ ಯಾರ ಸ್ವತ್ತೂ ಅಲ್ಲ. ಬೀಸಣಿಗೆ, ಅನಾನಸ್, ಜೇಡರ ಬಲೆ, ಇವನ್ನೆಲ್ಲ ಯಾರು ಮೊದಲು ಹಾಕಿದರು ಅಂತ ಯಾರಿಗೆ ಗೊತ್ತು? ನಮ್ಮ ಪಕ್ಕದ ಆಂಧ್ರದಲ್ಲಿ, ನರಸಾಪುರದ ಕಡೆ, ಹೆಂಗಸರು ತಲೆಮಾರುಗಳಿಂದ ಕ್ರೋಶಾ ಲೇಸ್ ಹಾಕುತ್ತಿದ್ದಾರೆ. ಒಬ್ಬರನ್ನೊಬ್ಬರು ನೋಡಿಯೇ ಕಲಿತದ್ದು.

ನಾನು ಬಾಗಿಲ ತೋರಣ ಮಾಡಿದೆ. ಬಾಗಿಲು 42 ಇಂಚು. ಮೇಜಿನ ಮೇಲೆ ಅಳೆದಾಗ ಸರಿಯಾಗಿ 42. ಕಾಟನ್ ದಾರ, 21 ಮಾವಿನೆಲೆ, ತುದಿಗೆ ಹಿತ್ತಾಳೆ ಗೆಜ್ಜೆ. ಎರಡು ಮೊಳೆಗೆ ಕಟ್ಟಿದೆ. ವಾರದೊಳಗೆ ಗೆಜ್ಜೆಯ ಭಾರಕ್ಕೆ ನಡುವೆ 5 ಇಂಚು ಜೋತು ಬಿದ್ದು ಬಂದವರ ತಲೆಗೆಲ್ಲ ತಾಗಿತು. ಬಿಚ್ಚಿ, ಒಗೆದು, ಗಂಜಿ ಹಾಕಿ, ಗುಂಡುಸೂಜಿ ಚುಚ್ಚಿ ಒಣಗಿಸಿ, ಒಳಗೆ ತಂತಿ ಸೇರಿಸಿ ಮತ್ತೆ ಕಟ್ಟಿದೆ. ಕಾಟನ್ ಜೋಲುತ್ತದೆ. ತೂಗುಹಾಕುವ ವಸ್ತುವಿಗೆ ಅದನ್ನು ನೆನಪಿಡಬೇಕು.

ಕುಚ್ಚಿನ ಕೈ, ಬೆಂಗಳೂರು:
ಪಿಂಚಣಿ ಬರುವವರಿಗೆ ನಮೂನೆ ಯಾರದೂ ಅಲ್ಲ. ಕೂಲಿಯವರಿಗೆ ಹಾಗಲ್ಲ ಸರ್. ಬೀಸಣಿಗೆ ಹಳೆಯದು, ಒಪ್ಪುತ್ತೇನೆ. ನನ್ನ ನವಿಲುಗರಿಯ ಕಣ್ಣಿಗೆ ಎಷ್ಟು ಕುಣಿಕೆ, ಎಲ್ಲಿ ಬಣ್ಣ ಬದಲಿಸಬೇಕು ಅಂತ ನಾನು 14 ಸಲ ಬಿಚ್ಚಿ ಕಂಡುಕೊಂಡದ್ದು. ಕಲಿತವರು ಕಲಿಸಲಿ, ಬೇಡ ಅಂದವರು ಯಾರು? ಯಾರಿಂದ ಕಲಿತೆ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಧಾರವಾಡದ ನಿವೃತ್ತ:
ಪಿಂಚಣಿಯ ಮಾತು ಇಲ್ಲಿ ಯಾಕೆ ಬಂತು? ಆದರೂ ಹೆಸರು ಹೇಳಬೇಕು ಅನ್ನುವುದು ಸರಿ. ಅದನ್ನು ನಾನೂ ಒಪ್ಪುತ್ತೇನೆ.

ಮಡಿಕೇರಿ ಕಡ್ಡಿ:
ಲೂಧಿಯಾನದ ಮೆಷಿನ್ ಅಂತ ನನ್ನ ಹೆಣಿಗೆಯನ್ನು ಸಣ್ಣದು ಮಾಡಿದ್ದು ನೋವಾಯಿತು. ಹೊಟ್ಟೆಪಾಡಿನ ಬಗ್ಗೆ ನಾನು ಒಂದಕ್ಷರ ಬರೆದಿಲ್ಲ. ಮಗುವಿನ ಬೆರಳಿನ ಬಗ್ಗೆ ಬರೆದೆ. ಆ ಮಾತನ್ನು ಈಗಲೂ ಬಿಡುವುದಿಲ್ಲ.

ಶಿವಮೊಗ್ಗದ ಹೊಸಬಳು:
ದಯವಿಟ್ಟು ಜಗಳ ಬೇಡ. ಅಕ್ರಿಲಿಕ್ಕಾ ಕಾಟನ್ನಾ ಅಂತ ಇನ್ನೂ ಯಾರೂ ಹೇಳಿಲ್ಲ.

ಹುಬ್ಬಳ್ಳಿ ಅತ್ತಿಗೆ:
ಅಕ್ರಿಲಿಕ್ ಆದರೆ ಇಸ್ತ್ರಿಪೆಟ್ಟಿಗೆಯನ್ನು ದೂರ ಇಡಿ. ಅಂಚು ಸುರುಳಿ ಸುತ್ತಿಕೊಳ್ಳುತ್ತಿದೆ ಅಂತ ನಾನು ನನ್ನ ಮೊಮ್ಮಗಳ ಹೊದಿಕೆಗೆ ಬಿಸಿ ಇಸ್ತ್ರಿ ಇಟ್ಟೆ. ಒಂದೇ ಕ್ಷಣ. ಉಬ್ಬಿದ್ದ ಹೂವೆಲ್ಲ ಚಪ್ಪಟೆಯಾಗಿ ಪ್ಲಾಸ್ಟಿಕ್ಕಿನಂತೆ ಮಿರಮಿರ ಹೊಳೆಯತೊಡಗಿತು. ಅದು ಕರಗಿದ್ದು, ಮತ್ತೆ ಸರಿಯಾಗುವುದಿಲ್ಲ. ಎರಡು ತಿಂಗಳ ಕೆಲಸ, 900 ರೂಪಾಯಿ ಉಲ್ಲನ್ ಹೋಯಿತು. ನಾನಂತೂ ಈಗ ಮಕ್ಕಳಿಗೆ ಕಾಟನ್ ಮಾತ್ರ. ಒಣಗಲು ಹೊತ್ತು ಹಿಡಿಯುತ್ತದೆ, ಭಾರ ಹೌದು. ಆದರೆ ದಿನಾ ಒಗೆಯಬಹುದು, ನಮ್ಮ ಸೆಕೆಗೂ ಸರಿ. ಮತ್ತೆ ಯಾರೂ ಬೀರುವಿನಲ್ಲಿ ನುಸಿಗುಳಿಗೆ ಜೊತೆ ಇಟ್ಟ ಉಲ್ಲನ್ ಅನ್ನು ಕೂಸಿಗೆ ಹೊದಿಸಬೇಡಿ. ಕೆಲವು ಮಕ್ಕಳಿಗೆ ಆ ನ್ಯಾಫ್ತಲೀನ್‌ನಿಂದ ರಕ್ತದ ತೊಂದರೆ ಆಗುತ್ತದೆ.

ಮೈಸೂರಿನ ಗ್ರಾನಿ ಚೌಕ:
ಕಾಟನ್ನಿಗೂ ಡೈ ಲಾಟ್ ಇದೆ, ಮರೆಯಬೇಡಿ.

ಶಿವಮೊಗ್ಗದ ಹೊಸಬಳು:
ಗೆಳತಿಯರ ಜೊತೆ ಮಾತಾಡಿದೆ. ಕಾಟನ್ ಅಷ್ಟನ್ನೂ ನಾನೊಬ್ಬಳೇ ಒಂದೇ ಲಾಟಿನಲ್ಲಿ ಕೊಂಡು, ತೂಗಿ ಹಂಚುತ್ತೇನೆ. ಎರಡು ಉಂಡೆ ಹೆಚ್ಚಿಗೆ. ಎಲ್ಲರಿಗೂ 4 ಮಿಲಿಮೀಟರಿನ ಕ್ರೋಶಾ ಕಡ್ಡಿ, ಜೊತೆಗೆ ನಾನು ಹಾಕಿದ ಒಂದು ಮಾದರಿ ಚೌಕ. ತೂತಿನ ಗ್ರಾನಿ ಬಿಟ್ಟು ಮುಚ್ಚಿದ ಚೌಕ ಹಾಕುತ್ತೇವೆ. ಕಡ್ಡಿ ಹೆಣಿಗೆಯವಳು 7 ಚೌಕದ ಬದಲು ಮಗುವಿಗೆ ಅದೇ ದಾರದ ಟೋಪಿ ಹೆಣೆಯುತ್ತಾಳಂತೆ. ಅವಳ ಪಾಲಿನ ಚೌಕ ನಾನೇ ಹಾಕುತ್ತೇನೆ.

ಮೈಸೂರಿನ ಗ್ರಾನಿ ಚೌಕ:
ಮಾದರಿ ಚೌಕವನ್ನು ಒಗೆದು ಒಣಗಿಸಿ ಆಮೇಲೆ ಅಳೆಯಿರಿ. ಕಾಟನ್ ಮೊದಲ ಒಗೆತಕ್ಕೆ ಆಕಾರ ಬದಲಿಸುತ್ತದೆ. ಸಡಿಲ ಕೈಯವಳಿಗೆ ಮೂರೂವರೆ ಮಿಲಿಮೀಟರಿನ ಕಡ್ಡಿ ಕಳಿಸಿ. ಅವಳು ಯಾರು ಅಂತ ಮೊದಲ ಚೌಕದಲ್ಲೇ ಗೊತ್ತಾಗುತ್ತದೆ, ನಮ್ಮ ಹಾಗೆ ಒಂಬತ್ತನೆಯದರವರೆಗೆ ಕಾಯಬೇಡಿ.

ಮಡಿಕೇರಿ ಕಡ್ಡಿ:
ಟೋಪಿ ಹೆಣೆಯುವವಳಿಗೆ ಹೇಳಿ, ಕಾಟನ್ ಹಿಗ್ಗಿದರೆ ಉಲ್ಲನ್ ಹಾಗೆ ವಾಪಸ್ ಬರುವುದಿಲ್ಲ. ಅಂಚಿನ ಎರಡು ಇಂಚು ಸಣ್ಣ ಕಡ್ಡಿಯಲ್ಲಿ, ಬಿಗಿಯಾಗಿ ಕೂರುವ ಹಾಗೆ, ಒಂದು ಕುಣಿಕೆ ಉಲ್ಟಾ ಒಂದು ಸೀದಾ ಹಾಕಲಿ. ಇಲ್ಲದಿದ್ದರೆ ಮಗುವಿನ ಕಣ್ಣಿನ ಮೇಲೆ ಜಾರುತ್ತದೆ.